ಪ್ರತಿ: ಕ್ರೈಸ್ತ ದೀಕ್ಷಾಸ್ನಾನವಾಗಿ ವರ್ಷವಾದರೂ ವಿಶ್ವಾಸ ಬೆಳೀತಿಲ್ಲ

ದಿನಕ್ಕೆ ಬೈಬಲಿನ ನಾಲ್ಕು ಅಧ್ಯಾಯ, ಶುಕ್ರವಾರ ಉಪವಾಸ, ಬೆಳಗಿನ ಜಾವ ಐದಕ್ಕೆ ಪ್ರಾರ್ಥನೆ. ಒಂದು ತಪ್ಪಿದರೂ ವಾರಗಟ್ಟಲೆ ಪ್ರಾರ್ಥನೆಗೆ ಕೂರೋಕೇ ನಾಚಿಕೆ ಅಂತ ಬರೆದಿದ್ದೀರಿ. ಎಲ್ಲ ಸರಿಯಾಗಿ ನಡೆದ ದಿನ ಮಾತ್ರ ಕ್ರಿಸ್ತನ ಹತ್ತಿರ ಹೋಗಬಹುದು ಅಂದುಕೊಂಡಿರೋದೇ ತೊಂದರೆ ಅನಿಸುತ್ತೆ.

ಮೊದಲು ಆ ಪಟ್ಟಿಯನ್ನು ಒಂದು ತಿಂಗಳು ಬದಿಗಿಡಿ. ಬೈಬಲಿನ ಲೂಕ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕತೆ ಇದೆ: ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಫರಿಸಾಯ ವಾರಕ್ಕೆರಡು ಉಪವಾಸದ ಲೆಕ್ಕ ಒಪ್ಪಿಸಿದ. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ದೂರ ನಿಂತು ಎದೆ ಬಡಿದುಕೊಂಡ, ತೆರಿಗೆ ವಸೂಲಿ ಮಾಡೋ ಸುಂಕದವನು. ನೀವೂ ಅವನ ಹಾಗೇ ಶುರುಮಾಡಿ. "ಇನ್ಮೇಲೆ ತಪ್ಪಲ್ಲ ಕರ್ತನೇ" ಅನ್ನೋ ಮಾತು ಬೇಡ. "ಅಮ್ಮನ ಮೇಲೆ ರೇಗಿದೆ, ಕ್ಷಮಿಸು, ಸಂಜೆ ಅವರ ಹತ್ತಿರ ಮಾತಾಡೋ ಧೈರ್ಯ ಕೊಡು", ಇಷ್ಟು ಸಾಕು.

ಆಮೇಲೆ ಯೋಹಾನ 15ರ ಮೊದಲ 11 ವಚನ ದಿನಾ ನಿಧಾನವಾಗಿ ಓದಿ. ಅಲ್ಲಿ ಯೇಸುವೇ ಬಳ್ಳಿ, ನಾವು ಕೊಂಬೆಗಳು. ಕೊಂಬೆಯ ಕೆಲಸ ಬಳ್ಳಿಯಲ್ಲಿ ನೆಲೆಗೊಂಡಿರೋದು. (10ನೇ ವಚನ ಆಜ್ಞೆ ಪಾಲಿಸೋದನ್ನೂ ಹೇಳುತ್ತೆ, ಸೋಮಾರಿತನಕ್ಕೆ ಇದು ಪರವಾನಗಿ ಅಲ್ಲ.)

ಎಡವಿದ ವಾರ ಆರಾಧನೆ ತಪ್ಪಿಸಲೇಬೇಡಿ. ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳೋ ವಿಧಿ) ಇದ್ದರೆ ಹಿಂದೆ ಕೂತು ಜಾರಿಕೊಳ್ಳೋದೂ ಬೇಡ. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತಲೇ ಪೌಲ ತನ್ನ ಪತ್ರವಾದ 1 ಕೊರಿಂಥದ 11ನೇ ಅಧ್ಯಾಯದಲ್ಲಿ ಬರೆದಿರೋದು.

ನಿದ್ದೆ ಬರ್ತಿಲ್ಲ ಅಂದಿದ್ದೀರಲ್ಲ, ಅದು ಈ ಅಪರಾಧಭಾವದಿಂದಲೋ ಬೇರೆ ಕಾರಣಕ್ಕೋ ನಾನು ಹೇಳಲಾರೆ. ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಉಪವಾಸ ಬಿಡಿ. ತಿಂಗಳಾದ ಮೇಲೆ ನಿಮ್ಮ ಸಭಾಪಾಲಕರ (ಪಾಸ್ಟರ್) ಜೊತೆ ಕೂತು, ಹಳೇ ಪಟ್ಟಿಯಿಂದ ಒಂದೇ ಒಂದನ್ನು ಮತ್ತೆ ಶುರುಮಾಡಿ.