ಯಾವ ಔರೆಲಿಯಾನೊ?

ಪ್ರಿಯ ಓದುಗರೇ,

ಬುವೆಂದಿಯಾ ಎಂಬ ಮನೆತನದ ಕಥೆ ಹೇಳುವ, ಕೊಲಂಬಿಯಾದ ಲೇಖಕ ಮಾರ್ಕೆಸ್ ಅವರ 1967ರ ಕಾದಂಬರಿ ‘ನೂರು ವರ್ಷಗಳ ಏಕಾಂತ’ವನ್ನು ಎರಡು ಸಲ ಹಿಡಿದು, ಎರಡು ಸಲವೂ ಅವಳಿ ಮಕ್ಕಳು ಬರುವ ಹೊತ್ತಿಗೆ ಸುಸ್ತಾಗಿ ಬಿಟ್ಟೆ ಎಂದು ಬರೆದಿದ್ದೀರಿ. ‘ಅಪ್ಪ, ಮಗ, ಮೊಮ್ಮಗ ಎಲ್ಲರಿಗೂ ಅದದೇ ಹೆಸರು. ಬೇರೆ ಹೆಸರೇ ಸಿಗಲಿಲ್ಲವೇ?’ ಎಂದು ಕೇಳಿದ್ದೀರಿ. ಕೇಳಬೇಕಾದ ಮಾತೇ. ಆ ಮನೆಯ ಎರಡನೇ ತಲೆಮಾರಿನ ಕರ್ನಲ್ ಔರೆಲಿಯಾನೊ ಒಬ್ಬನಿಗೇ 17 ಹೆಂಗಸರಲ್ಲಿ 17 ಗಂಡುಮಕ್ಕಳು, ಅಷ್ಟೂ ಜನ ಔರೆಲಿಯಾನೊಗಳೇ!

ವಂಶವೃಕ್ಷದ ಪುಟಕ್ಕೆ ಪದೇ ಪದೇ ಹೋಗಬೇಡಿ. ಮಾರ್ಕೆಸ್ ಯಾರನ್ನು ಹೇಗೆ ಕರೆಯುತ್ತಾರೆ ಅನ್ನುವುದನ್ನು ಹಿಡಿದುಕೊಳ್ಳಿ. ಮನೆಯ ಹಿರಿಯ ಹೊಸೆ ಅರ್ಕಾದಿಯೊ ಬುವೆಂದಿಯಾ, ಪೂರ್ತಿ ಹೆಸರು. ಮಗ ಬರೀ ಹೊಸೆ ಅರ್ಕಾದಿಯೊ. ಮೊಮ್ಮಗ ಬರೀ ಅರ್ಕಾದಿಯೊ. ನಮ್ಮಲ್ಲೂ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟು, ಮಾವನ ಹೆಸರು ಹಿಡಿದು ಕೂಗಲಾರದ ಸೊಸೆ ಮಗುವನ್ನು ‘ಪುಟ್ಟಾ’ ಅನ್ನುವುದಿಲ್ವಾ? ಮನೆಯೊಳಗಿನವರಿಗೆ ಗೊಂದಲವೇ ಇಲ್ಲ.

ಆದರೆ ನೀವು ಪುಸ್ತಕ ಮುಚ್ಚಿದ ಜಾಗ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಹೆಸರುಗಳು ಮಾತಾಡಲು ಶುರು ಮಾಡುವುದೇ ಅಲ್ಲಿ.

ಔರೆಲಿಯಾನೊಗಳು ಅಂತರ್ಮುಖಿಗಳು, ಬುದ್ಧಿ ಚುರುಕು. ಹೊಸೆ ಅರ್ಕಾದಿಯೊಗಳು ದುಡುಕಿನವರು, ಸಾಹಸಿಗರು. ಮನೆಯ ಹಿರಿಯನ ಹೆಂಡತಿ, ಅಜ್ಜಿ ಉರ್ಸುಲಾ ಇಷ್ಟು ವರ್ಷ ಕಂಡು ಕಟ್ಟಿದ ಲೆಕ್ಕ ಅದು. ಅರ್ಕಾದಿಯೊನ ಅವಳಿ ಮಕ್ಕಳಾದ ಹೊಸೆ ಅರ್ಕಾದಿಯೊ ಸೆಗುಂದೊ, ಔರೆಲಿಯಾನೊ ಸೆಗುಂದೊ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಚಿಕ್ಕವರಿದ್ದಾಗ ಗುರುತಿಗೆಂದು ಇಬ್ಬರ ಕೈಗೂ ಹೆಸರಿನ ಬಳೆ, ಮೈಗೆ ಬೇರೆ ಬೇರೆ ಬಣ್ಣದ ಅಂಗಿ. ಹಸಿರು ಅಂಗಿಯವನು ಹೊಸೆ ಅರ್ಕಾದಿಯೊ ಸೆಗುಂದೊ ಎಂದು ಮೇಷ್ಟ್ರು ನೆನಪಿಟ್ಟುಕೊಂಡಿದ್ದರು. ಒಂದು ದಿನ ನೋಡಿದರೆ ಅವನ ಕೈಯಲ್ಲಿ ಔರೆಲಿಯಾನೊ ಸೆಗುಂದೊನ ಬಳೆ! ಬಿಳಿ ಅಂಗಿಯವನ ಕೈಯಲ್ಲಿ ಹೊಸೆ ಅರ್ಕಾದಿಯೊನ ಬಳೆ, ಬಾಯಲ್ಲಿ ಮಾತ್ರ ‘ನಾನು ಔರೆಲಿಯಾನೊ’. ಅಂಗಿ, ಬಳೆ, ಹೆಸರು ಎಲ್ಲಾ ಅದಲುಬದಲು ಮಾಡಿಕೊಳ್ಳುವುದೇ ಅವರ ಆಟ. ಆ ಆಟದಲ್ಲೇ ಎಲ್ಲೋ ನಿಜವಾಗಿ ಅದಲುಬದಲಾಗಿಬಿಟ್ಟರೇ? ಉರ್ಸುಲಾಳ ಅನುಮಾನ ಇದು. ದೊಡ್ಡವರಾದ ಮೇಲೆ ಔರೆಲಿಯಾನೊ ಉಂಡು ತಿಂದು ಊರೆಲ್ಲ ಕರೆದು ಮೆರೆಯುತ್ತಾನೆ. ಹೊಸೆ ಅರ್ಕಾದಿಯೊ ಕೋಣೆ ಸೇರಿ ಹಳೆಯ ಚರ್ಮದ ಹಾಳೆಗಳನ್ನು ಓದುತ್ತಾ ಕೂರುತ್ತಾನೆ.

ಇಬ್ಬರೂ ಒಂದೇ ಗಳಿಗೆಯಲ್ಲಿ ಸಾಯುತ್ತಾರೆ. ಹೊತ್ತು ತಂದ ಕುಡುಕ ಗೆಳೆಯರು ಪೆಟ್ಟಿಗೆ ಅದಲುಬದಲು ಮಾಡಿ, ಒಬ್ಬನ ಗುಂಡಿಯಲ್ಲಿ ಇನ್ನೊಬ್ಬನನ್ನು ಹೂಳುತ್ತಾರೆ. ಉರ್ಸುಲಾಳ ಅನುಮಾನ ನಿಜವಾಗಿದ್ದರೆ, ಹುಟ್ಟಿದಾಗ ಇಟ್ಟ ಹೆಸರು ಇಬ್ಬರಿಗೂ ಸಿಕ್ಕಿದ್ದು ಅಲ್ಲೇ.

ಆ ಪುಟ ತಲುಪಿದ ದಿನ ನನಗೆ ಇನ್ನೊಂದು ಪತ್ರ ಬರೆಯಿರಿ.

– ಸಂಪಾದಕ