ಟಿಎ ಆಗಿರುವಾಗ ಟೀಚಿಂಗ್ ಸರ್ಟಿಫಿಕೇಟ್ ಮಾಡಬೇಕಾ?

ಅಮೆರಿಕದಲ್ಲಿ ಪಿಎಚ್‌ಡಿಗೆ ಸೇರಿದ್ದೀರಿ, ಟಿಎ (ಟೀಚಿಂಗ್ ಅಸಿಸ್ಟೆಂಟ್, ಅಂದರೆ ಡಿಗ್ರಿ ಮಕ್ಕಳ ಕ್ಲಾಸ್, ಲ್ಯಾಬ್ ನಡೆಸುವ) ಕೆಲಸವೂ ಇದೆ, ಯೂನಿವರ್ಸಿಟಿಯ ಟೀಚಿಂಗ್ ಸೆಂಟರ್‌ನವರು ಪಾಠ ಮಾಡುವುದನ್ನು ಕಲಿಸುವ ಸರ್ಟಿಫಿಕೇಟ್ ಮಾಡಿ ಅಂತ ಮೇಲ್ ಕಳಿಸಿದ್ದಾರೆ, ಗೈಡ್ ಮಾತ್ರ ಸುಮ್ನೆ ಟೈಮ್ ವೇಸ್ಟ್ ಅಂದಿದ್ದಾರೆ. ಊರಿಗೆ ವಾಪಸ್ ಬಂದರೆ ಇದಕ್ಕೆ ಬೆಲೆ ಇದೆಯಾ ಅಂತಲೂ ಕೇಳಿದ್ದೀರಿ.

ಮಾಡಿ. ಆದರೆ ಮೊದಲ ವರ್ಷವೇ ಬೇಡ.

ನಾನು ಅಲ್ಲೇ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದೆ. ನಾಲ್ಕು ವರ್ಷ ಜನರಲ್ ಕೆಮಿಸ್ಟ್ರಿ ಲ್ಯಾಬಿಗೆ ಟಿಎ ಆಗಿದ್ದೆ. ನನ್ನ ಗೈಡ್ ಕೂಡ ಇದೇ ಮಾತು ಹೇಳಿದ್ದರು. ಒಂದು ಮಟ್ಟಿಗೆ ಅವರ ಮಾತು ಸರಿ. ಮೊದಲ ವರ್ಷ ಕೋರ್ಸ್‌ವರ್ಕ್, ಲ್ಯಾಬ್ ಹುಡುಕುವುದು, ಚಳಿ, ಅಡುಗೆ ಎಲ್ಲ ಒಟ್ಟಿಗೆ ಮೈಮೇಲೆ ಬಂದಿರುತ್ತದೆ. ಎರಡನೇ ಅಥವಾ ಮೂರನೇ ವರ್ಷ ಶುರು ಮಾಡಿದರೆ ವಾರಕ್ಕೆ ಎರಡು ಮೂರು ಗಂಟೆ ಸಾಕು. ನನಗೆ ಮೂರು ಸೆಮಿಸ್ಟರ್ ಹಿಡಿಯಿತು, ಸಂಶೋಧನೆ ಎಲ್ಲೂ ನಿಲ್ಲಲಿಲ್ಲ.

ಮೊದಲು ನಿಮ್ಮ ಯೂನಿವರ್ಸಿಟಿ ಸಿಐಆರ್‌ಟಿಎಲ್ ಜಾಲದಲ್ಲಿ, ಅಂದರೆ ಪಿಎಚ್‌ಡಿ ಮಾಡುವವರಿಗೆ ಪಾಠ ಮಾಡುವುದನ್ನು ಕಲಿಸುವ ಯೂನಿವರ್ಸಿಟಿಗಳ ಗುಂಪಿನಲ್ಲಿ, ಇದೆಯಾ ನೋಡಿ. ವಿಸ್ಕಾನ್ಸಿನ್ ಮ್ಯಾಡಿಸನ್ ಯೂನಿವರ್ಸಿಟಿಯಲ್ಲಿ 2003ರಲ್ಲಿ ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣದಿಂದ ಶುರುವಾದದ್ದು ಇದು. ಈಗ ಹಲವಾರು ಯೂನಿವರ್ಸಿಟಿಗಳು ಸೇರಿವೆ. ಇದರ ಸರ್ಟಿಫಿಕೇಟಿಗೆ ಅಸೋಸಿಯೇಟ್, ಪ್ರಾಕ್ಟಿಷನರ್, ಸ್ಕಾಲರ್ ಅಂತ ಮೂರು ಮೆಟ್ಟಿಲು. ಅಸೋಸಿಯೇಟ್ ಅಂದರೆ ಹೆಚ್ಚಾಗಿ ಓದು ಮತ್ತು ಚರ್ಚೆ. ನಿಜವಾದ ಲಾಭ ಇರುವುದು ಎರಡನೇ ಮೆಟ್ಟಿಲಲ್ಲಿ, ಏಕೆಂದರೆ ಅಲ್ಲಿ ನಿಮ್ಮದೇ ಕ್ಲಾಸನ್ನು ಪ್ರಯೋಗದ ಹಾಗೆ ನೋಡಬೇಕಾಗುತ್ತದೆ.

ನನ್ನ ವಿಷಯ ಹೇಳುತ್ತೇನೆ. ಒಂದು ದಿನ ಟೀಚಿಂಗ್ ಸೆಂಟರ್‌ನಿಂದ ಒಬ್ಬರು ನನ್ನ ಲ್ಯಾಬಿಗೆ ಬಂದು ಹಿಂದೆ ಕೂತರು. ಕೈಯಲ್ಲಿ ಫೋನಿನ ಸ್ಟಾಪ್‌ವಾಚ್. ಕ್ಲಾಸ್ ಮುಗಿದ ಮೇಲೆ ಒಂದು ಹಾಳೆ ತೋರಿಸಿದರು. ಲಿಮಿಟಿಂಗ್ ರಿಏಜೆಂಟ್ (ರಾಸಾಯನಿಕ ಕ್ರಿಯೆಯಲ್ಲಿ ಮೊದಲು ಮುಗಿದುಹೋಗುವ ವಸ್ತು) ವಿವರಿಸುವಾಗ ನಾನು ಹನ್ನೊಂದು ಪ್ರಶ್ನೆ ಕೇಳಿದ್ದೆ, ಒಂಬತ್ತಕ್ಕೆ ನಾನೇ ಉತ್ತರ ಹೇಳಿದ್ದೆ. ಪ್ರಶ್ನೆ ಕೇಳಿ ಒಂದು ಸೆಕೆಂಡ್ ಕೂಡ ಕಾದಿರಲಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರಂತೆ: ಮೇಷ್ಟ್ರುಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಮುಂದಿನ ವಾರ ಪ್ರಶ್ನೆ ಕೇಳಿ ಮನಸ್ಸಲ್ಲೇ ಒಂದು, ಎರಡು, ಮೂರು ಎಣಿಸಿದೆ. ಆ ಮೂರು ಸೆಕೆಂಡ್ ಎಷ್ಟು ಉದ್ದ ಅನ್ನಿಸಿತು ಗೊತ್ತಾ! ನನ್ನ ಉಚ್ಚಾರಣೆ ಅರ್ಥವಾಗದೇ ಇವರೆಲ್ಲ ಸುಮ್ಮನಿದ್ದಾರೆ ಅಂತ ಅಲ್ಲಿಯವರೆಗೂ ಅಂದುಕೊಂಡಿದ್ದೆ. ಹಾಸನದ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಆ ಭಯ ಒಳಗೆ ಇದ್ದೇ ಇರುತ್ತದೆ, ಅಲ್ವಾ. ಅವರು ಸುಮ್ಮನಿದ್ದದ್ದು ನಾನು ಮಾತಾಡಲು ಜಾಗ ಕೊಡದೇ ಇದ್ದದ್ದಕ್ಕೆ.

ಆಮೇಲೆ ಕ್ಲಾಸಿನ ಕೊನೆಯಲ್ಲಿ ಒಂದು ನಿಮಿಷದ ಚೀಟಿ ಬರೆಸಲು ಶುರು ಮಾಡಿದೆ. ಇವತ್ತು ಏನು ತಿಳಿಯಿತು, ಏನು ತಿಳಿಯಲಿಲ್ಲ, ಹೆಸರು ಬೇಡ. ಮೊದಲ ವಾರದ ಚೀಟಿಗಳನ್ನು ಬಸ್ಸಿನಲ್ಲಿ ಓದುತ್ತಾ ಹೋದೆ. ಅರ್ಧದಷ್ಟು ಜನ ಯಾವುದರ ತೂಕ ಕಡಿಮೆಯೋ ಅದೇ ಲಿಮಿಟಿಂಗ್ ರಿಏಜೆಂಟ್ ಅಂತ ತಿಳಿದಿದ್ದರು. ಲೆಕ್ಕ ಮಾತ್ರ ಸರಿಯಾಗಿ ಮಾಡುತ್ತಿದ್ದರು! ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೋಲ್ಟ್, ವಾಷರ್ ತಂದೆ. ಒಂದು ಬೋಲ್ಟಿಗೆ ಎರಡು ವಾಷರ್ ಹಾಕಬೇಕು. ಪ್ರತಿ ಟೇಬಲ್ಲಿಗೆ ಹತ್ತು ಬೋಲ್ಟ್, ಇಪ್ಪತ್ತನಾಲ್ಕು ವಾಷರ್ ಕೊಟ್ಟು, ಮೊದಲು ತೂಕ ಮಾಡಿ ಅಂದೆ. ವಾಷರ್‌ಗಳ ತೂಕವೇ ಕಡಿಮೆ. ಆದರೆ ಜೋಡಿಸುತ್ತಾ ಹೋದಾಗ ಮೊದಲು ಮುಗಿದದ್ದು ಬೋಲ್ಟ್, ನಾಲ್ಕು ವಾಷರ್ ಟೇಬಲ್ ಮೇಲೆ ಉಳಿದವು. ಒಬ್ಬಳು ಆ ನಾಲ್ಕನ್ನೂ ಅಂಗೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿ, "ಹಾಗಾದರೆ ತೂಕ ಅಲ್ಲ, ಎಣಿಕೆ" ಅಂದಳು. ನನ್ನ ಸರ್ಟಿಫಿಕೇಟಿನ ಪ್ರಾಜೆಕ್ಟ್ ಇಷ್ಟೇ. ಇದರ ಮೊದಲು ಮತ್ತು ನಂತರ ಒಂದೇ ತರಹದ ಪ್ರಶ್ನೆ ಕೊಟ್ಟು, ಉತ್ತರ ಹೇಗೆ ಬದಲಾಯಿತು ಅಂತ ಆರು ಪುಟ ಬರೆದೆ.

ಇಂಥದ್ದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕ್ಲಾಸುಗಳ 225 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಬರೀ ಲೆಕ್ಚರ್ ಕೇಳುವ ಕ್ಲಾಸಿನಲ್ಲಿ ಫೇಲಾಗುವ ಸಾಧ್ಯತೆ, ವಿದ್ಯಾರ್ಥಿಗಳೇ ಏನಾದರೂ ಮಾಡುವ ಕ್ಲಾಸಿಗಿಂತ ಒಂದೂವರೆ ಪಟ್ಟು ಇತ್ತು. ನಿಮ್ಮ ಗೈಡ್ ಅಂಕಿಅಂಶ ಕೇಳುವವರಾದರೆ ಈ ಪೇಪರ್ ತೋರಿಸಿ.

ಇನ್ನು ಊರಿನ ವಿಷಯ. ನೇರವಾಗಿ ಹೇಳುತ್ತೇನೆ, ಸರ್ಕಾರಿ ನೇಮಕಾತಿಯಲ್ಲಿ ಈ ಕಾಗದಕ್ಕೆ ಅಂಕ ಇಲ್ಲ. ಯುಜಿಸಿಯ 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಶಾರ್ಟ್‌ಲಿಸ್ಟಿಗೆ ಡಿಗ್ರಿ, ಪಿಎಚ್‌ಡಿ, ನೆಟ್, ಪ್ರಕಟಣೆ, ಅನುಭವ ಇವಕ್ಕೆಲ್ಲ ಅಂಕ ಇದೆ, ಟೀಚಿಂಗ್ ಸರ್ಟಿಫಿಕೇಟಿಗೆ ಸಾಲೇ ಇಲ್ಲ. ಇದು ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆಗಳ ಬದಲಿಗೂ ಬರುವುದಿಲ್ಲ. ನನಗೆ ಬೇಸರ ಆಗುವುದು ಇಲ್ಲೇ. ನಮ್ಮಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡಲು ಬಿಎಡ್ ಬೇಕು. ನಮ್ಮಮ್ಮ ಬಿಎಡ್ ಮಾಡುವಾಗ ಪಾಠ ಯೋಜನೆಯ ದಪ್ಪ ನೋಟ್‌ಬುಕ್ ಬರೆದು, ಹಿಂದಿನ ಬೆಂಚಲ್ಲಿ ಕೂತ ಗುರುಗಳ ಮುಂದೆ ಒಂದೊಂದೇ ಪಾಠ ಮಾಡಿದ್ದರು. ಡಿಗ್ರಿ ಕಾಲೇಜಿನಲ್ಲಿ ಎಂಬತ್ತು ಮಕ್ಕಳ ಮುಂದೆ ನಿಲ್ಲುವವರಿಗೆ ಅಂಥ ಒಂದು ದಿನದ ಅಭ್ಯಾಸವೂ ಮೊದಲೇ ಬೇಕಾಗಿಲ್ಲ.

ಆದರೆ ಇಂಟರ್‌ವ್ಯೂನಲ್ಲಿ ಇದು ಉಪಯೋಗಕ್ಕೆ ಬಂದೇ ಬರುತ್ತದೆ. ನಾನು ಈಗಿರುವ ಖಾಸಗಿ ಕಾಲೇಜಿನಲ್ಲಿ ಹದಿನೈದು ನಿಮಿಷ ಡೆಮೊ ಪಾಠ ಮಾಡಿಸಿದರು, ನಾನು ಆ ಬೋಲ್ಟ್ ವಾಷರ್ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ಅಮೆರಿಕದಲ್ಲೇ ಉಳಿಯುವುದಾದರೆ ಇನ್ನೂ ಜಾಸ್ತಿ ಉಪಯೋಗ. ಪಾಠಕ್ಕೆ ಒತ್ತು ಕೊಡುವ ಸಣ್ಣ ಕಾಲೇಜುಗಳು ಅರ್ಜಿಯ ಜೊತೆ ಟೀಚಿಂಗ್ ಸ್ಟೇಟ್‌ಮೆಂಟ್ ಕೇಳುತ್ತವೆ. "ನನಗೆ ಕಲಿಸುವುದು ತುಂಬಾ ಇಷ್ಟ" ಅಂತ ಬರೆಯುವುದಕ್ಕೂ, ನಡೆದ ಒಂದು ಕ್ಲಾಸಿನ ಕಥೆ ಬರೆಯುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ವರ್ಕ್‌ಶಾಪ್‌ಗಳಲ್ಲಿ ಕೆಲವು ಬೇಜಾರು ತರಿಸುತ್ತವೆ, ಎರಡು ಗಂಟೆ ಸ್ಲೈಡ್ ನೋಡಿಸಿ ಹಾಜರಿ ಹಾಕಿ ಕಳಿಸುತ್ತಾರೆ. ಸೇರುವ ಮೊದಲು ಎರಡೇ ಪ್ರಶ್ನೆ ಕೇಳಿ: ಯಾರಾದರೂ ಬಂದು ನನ್ನ ಕ್ಲಾಸ್ ನೋಡುತ್ತಾರಾ? ನಾನು ಪಾಠ ಮಾಡುವುದನ್ನು ವಿಡಿಯೋ ಮಾಡಿ ತೋರಿಸುತ್ತೀರಾ? ಎರಡಕ್ಕೂ ಇಲ್ಲ ಅಂದರೆ ಆ ಸರ್ಟಿಫಿಕೇಟ್ ಬಿಡಿ, ಬರೀ ಅಬ್ಸರ್ವೇಶನ್‌ಗೆ, ಅಂದರೆ ಸೆಂಟರ್‌ನವರು ಬಂದು ಕ್ಲಾಸ್ ನೋಡುವುದಕ್ಕೆ, ಬೇರೆಯಾಗಿ ಹೆಸರು ಕೊಡಿ. ಎಷ್ಟೋ ಸೆಂಟರ್‌ಗಳಲ್ಲಿ ಅದು ಉಚಿತ. ಸೆಮಿಸ್ಟರಿನ ಐದನೇ ಆರನೇ ವಾರದೊಳಗೆ ಕರೆಸಿಕೊಳ್ಳಿ. ಆಗ ಅವರು ಹೇಳಿದ್ದನ್ನು ಅದೇ ಮಕ್ಕಳ ಜೊತೆ ಮಾಡಿ ನೋಡಲು ನಿಮಗೆ ಇನ್ನೂ ಅರ್ಧ ಸೆಮಿಸ್ಟರ್ ಇರುತ್ತದೆ.