ಜ್ಯಾಂಗೋ 4.2ರಿಂದ 5.2ಕ್ಕೆ: ಡೈರಿ ಲೆಕ್ಕದ ಆ್ಯಪ್‌ಗೆ ಯಾವ ಹೊಸ ಸೌಲಭ್ಯ ಬೇಕು, ಯಾವುದು ಬೇಡ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಊರಿನ ಹಾಲಿನ ಡೈರಿಗೆ ಬಿಡುವಿನಲ್ಲಿ ನೀವೇ ಬರೆದುಕೊಟ್ಟ ಲೆಕ್ಕದ ಆ್ಯಪ್ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದ 4.2ರಲ್ಲಿದೆ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಫ್ಯಾಟ್ ನೋಡುವ ಮೆಷಿನ್‌ನಿಂದ ಬರುವ ಎಂಟ್ರಿಯನ್ನು ಇನ್ನೊಂದು ಸ್ಕ್ರಿಪ್ಟ್ ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗೆ ಹಾಕುತ್ತದೆ. 5.2ಕ್ಕೆ ಹೋಗಲಾ, ಹೋದರೆ ಸದಸ್ಯ, ತಾರೀಕು, ಪಾಳಿ ಮೂರನ್ನೂ ಸೇರಿಸಿ ಕಾಂಪೊಸಿಟ್ ಪ್ರೈಮರಿ ಕೀ (ಹಲವು ಕಾಲಮ್ ಸೇರಿ ಒಂದು ಸಾಲನ್ನು ಗುರುತಿಸುವ ಕೀ) ಮಾಡಲಾ ಅಂತ ಕೇಳಿದ್ದೀರಿ.

5.2ಕ್ಕೆ ಹೋಗಿ. 4.2ಕ್ಕೆ ಸೆಕ್ಯುರಿಟಿ ಪ್ಯಾಚ್ ಸಿಗುವುದು 2026ರ ಏಪ್ರಿಲ್‌ವರೆಗೆ ಮಾತ್ರ. 5.2 ಬಂದದ್ದು 2025ರ ಏಪ್ರಿಲ್‌ನಲ್ಲಿ, ಅದೂ ಎಲ್‌ಟಿಎಸ್ (ಹೆಚ್ಚು ಕಾಲ ಪ್ಯಾಚ್ ಸಿಗುವ ಆವೃತ್ತಿ), 2028ರ ಏಪ್ರಿಲ್‌ವರೆಗೆ ನಿಶ್ಚಿಂತೆ. ಆದರೆ ಕಾಂಪೊಸಿಟ್ ಕೀ ನಿಮಗೆ ಬೇಡ. ನಿಮಗೆ ನಿಜವಾಗಿ ಬೇಕಾಗಿರುವುದು ಅದಕ್ಕಿಂತ ಮುಂಚೆ, 2023ರ ಡಿಸೆಂಬರ್‌ನಲ್ಲಿ 5.0 ಜೊತೆ ಬಂದ ಎರಡು: ಜನರೇಟೆಡ್‌ಫೀಲ್ಡ್ (ಡೇಟಾಬೇಸೇ ಲೆಕ್ಕ ಮಾಡಿ ತುಂಬುವ ಕಾಲಮ್) ಮತ್ತು ಡಿಬಿ_ಡಿಫಾಲ್ಟ್ (ಬಿಟ್ಟುಹೋದ ಕಾಲಮ್‌ಗೆ ಡೇಟಾಬೇಸೇ ತುಂಬುವ ಮೌಲ್ಯ). ಯಾಕೆ ಅಂದರೆ ನಿಮ್ಮ ಟೇಬಲ್‌ಗೆ ಬರೆಯುವವರು ಇಬ್ಬರು. ಒಬ್ಬರು ಜ್ಯಾಂಗೋ, ಇನ್ನೊಬ್ಬರು ಆ ಸ್ಕ್ರಿಪ್ಟ್. ಪೈಥಾನ್‌ನಲ್ಲಿ ಬರೆದ ನಿಯಮ ಸ್ಕ್ರಿಪ್ಟ್‌ಗೆ ಗೊತ್ತೇ ಆಗುವುದಿಲ್ಲ. ಟೇಬಲ್‌ನಲ್ಲೇ ಬರೆದ ನಿಯಮ ಇಬ್ಬರಿಗೂ ಒಂದೇ.

ಮೊದಲು ಮೊತ್ತದ ವಿಷಯ. ಈಗ ನೀವು ಸೇವ್ ಮಾಡುವಾಗ ಲೀಟರನ್ನು ದರದಿಂದ ಗುಣಿಸಿ ಮೊತ್ತ ತುಂಬುತ್ತಿದ್ದೀರಿ, ಸ್ಕ್ರಿಪ್ಟ್ ತನ್ನದೇ ಲೆಕ್ಕ ಮಾಡುತ್ತಿದೆ. ನಾನೂ ಒಂದು ಚಿಕ್ಕ ಸಂಘಕ್ಕೆ ಹೀಗೇ ಬರೆದುಕೊಟ್ಟಿದ್ದೆ. ಬಟವಾಡೆ ದಿನ ಸ್ಕ್ರೀನ್ ಮೇಲಿನ ಮೊತ್ತಕ್ಕೂ ರಿಪೋರ್ಟ್‌ನ ಮೊತ್ತಕ್ಕೂ ಪೈಸೆಗಳ ವ್ಯತ್ಯಾಸ. ಕಾರ್ಯದರ್ಶಿ ರಾತ್ರಿ ಎಲ್ಲಾ ಕೂತು ಕೂಡಿದರು, ಸಿಗಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. 3.5 ಲೀಟರ್, ದರ 32.35 ರೂಪಾಯಿ. ಗುಣಿಸಿದರೆ 113.225. ಪೋಸ್ಟ್‌ಗ್ರೆಸ್‌ನ ನ್ಯೂಮೆರಿಕ್ ಇದನ್ನು 113.23 ಮಾಡುತ್ತದೆ. ಪೈಥಾನ್‌ನ ಡೆಸಿಮಲ್ ನಾವೇನೂ ಹೇಳದಿದ್ದರೆ ಸರಿಸಂಖ್ಯೆಯ ಕಡೆ ಇಳಿಸಿ 113.22 ಕೊಡುತ್ತದೆ. ಇಬ್ಬರದ್ದೂ ತಪ್ಪಲ್ಲ, ಆದರೆ ಒಂದೇ ಲೆಕ್ಕವನ್ನು ಎರಡು ಕಡೆ ಮಾಡಿದ್ದೇ ತಪ್ಪು. ಹಾಲು ಹಾಕಿದ ರೈತರಿಗೆ ಒಂದು ಪೈಸೆಯೂ ಲೆಕ್ಕವೇ, ಅಲ್ವಾ?

ಜನರೇಟೆಡ್‌ಫೀಲ್ಡ್ ಹಾಕಿದರೆ ಮೊತ್ತದ ಕಾಲಮ್ಮನ್ನು ಡೇಟಾಬೇಸ್ ತಾನೇ ಲೆಕ್ಕ ಮಾಡಿ ಇಡುತ್ತದೆ. ಯಾರೂ ಕೈಯಿಂದ ಅದಕ್ಕೆ ಬರೆಯಲು ಆಗುವುದಿಲ್ಲ. ಎಕ್ಸ್‌ಪ್ರೆಶನ್‌ನಲ್ಲಿ ಲೀಟರ್ ಗುಣಿಸು ದರ, ಔಟ್‌ಪುಟ್ ಫೀಲ್ಡ್ ಎರಡು ದಶಮಾಂಶದ ಡೆಸಿಮಲ್, ಡಿಬಿ_ಪರ್ಸಿಸ್ಟ್ ಟ್ರೂ. ಪೋಸ್ಟ್‌ಗ್ರೆಸ್ 17ರವರೆಗೆ ಲೆಕ್ಕ ಮಾಡಿ ಇಟ್ಟುಕೊಳ್ಳುವ ಕಾಲಮ್ ಮಾತ್ರ ಇದೆ, ಆದ್ದರಿಂದ ಟ್ರೂ ಬಿಟ್ಟರೆ ಬೇರೆ ದಾರಿ ಇಲ್ಲ.

ಇದಕ್ಕೆ ಕೆಲವು ಕಟ್ಟುಪಾಡು ಇವೆ. ಅದೇ ಸಾಲಿನ ಕಾಲಮ್‌ಗಳನ್ನು ಮಾತ್ರ ಬಳಸಬಹುದು. ಫ್ಯಾಟ್ ಪ್ರಕಾರದ ದರಪಟ್ಟಿ ಬೇರೆ ಟೇಬಲ್‌ನಲ್ಲಿದ್ದರೆ ಅಲ್ಲಿಂದ ಎಳೆಯಲು ಆಗುವುದಿಲ್ಲ. ಅದು ಒಳ್ಳೆಯದೇ. ದರ ಬದಲಾದಾಗ ಹಳೆ ಬಿಲ್ ಬದಲಾಗಬಾರದು, ಹಾಗಾಗಿ ಆ ಹೊತ್ತಿನ ದರವನ್ನು ಎಂಟ್ರಿಯ ಸಾಲಿನಲ್ಲೇ ಬರೆದಿಡಿ. ಒಂದು ಜನರೇಟೆಡ್ ಕಾಲಮ್ ಇನ್ನೊಂದು ಜನರೇಟೆಡ್ ಕಾಲಮ್ಮನ್ನು ನೋಡುವುದೂ ಇಲ್ಲ. ಇನ್ನೊಂದು ಮಾತು: 5.2ರಲ್ಲಿ ಹೊಸ ಸಾಲು ಸೇರಿಸಿದ ಕೂಡಲೇ ಪೋಸ್ಟ್‌ಗ್ರೆಸ್‌ನಿಂದ ಮೊತ್ತ ವಾಪಸ್ ಬರುತ್ತದೆ. ಆದರೆ ಇರುವ ಸಾಲಿನ ಲೀಟರ್ ತಿದ್ದಿ ಸೇವ್ ಮಾಡಿದರೆ ಪೈಥಾನ್ ಕೈಯಲ್ಲಿ ಹಳೆ ಮೊತ್ತವೇ ಉಳಿದಿರುತ್ತದೆ. ಚೀಟಿ ಪ್ರಿಂಟ್ ಮಾಡುವ ಮುಂಚೆ, ಸಾಲನ್ನು ಡೇಟಾಬೇಸ್‌ನಿಂದ ಮತ್ತೆ ಓದುವ ರಿಫ್ರೆಶ್_ಫ್ರಮ್_ಡಿಬಿ ಕರೆಯಿರಿ. ತಿದ್ದಿದಾಗಲೂ ತಾನೇ ಹೊಸದಾಗುವ ಅನುಕೂಲ 6.0ರಲ್ಲಿ ಬಂದಿದೆ.

ಇರುವ ಮೊತ್ತದ ಕಾಲಮ್ಮನ್ನೇ ಜನರೇಟೆಡ್ ಮಾಡಲು ಹೋದರೆ ಮೈಗ್ರೇಶನ್ (ಟೇಬಲ್ಲಿನ ರಚನೆ ಬದಲಿಸುವ ಜ್ಯಾಂಗೋ ಹೆಜ್ಜೆ) ಎರರ್ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಹಳೆಯದಕ್ಕೆ ಹಳೆಮೊತ್ತ ಅಂತ ಹೆಸರು ಬದಲಿಸಿ, ಹೊಸದನ್ನು ಪಕ್ಕದಲ್ಲಿ ಸೇರಿಸಿ, ಎರಡೂ ಬೇರೆ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ ನೋಡಿ. ಆ ಪಟ್ಟಿಯನ್ನು ಕಾರ್ಯದರ್ಶಿಗೆ ತೋರಿಸಿ. ಬಟವಾಡೆ ಆಗಿಹೋದ ಹಳೆ ಬಿಲ್‌ಗಳಿಗೆ ಹಳೆಮೊತ್ತವೇ ನಿಜ, ಅದನ್ನು ಅಳಿಸಬೇಡಿ. ಹಳೆಮೊತ್ತ ಖಾಲಿ ಇರಬಹುದು ಅಂತಲೂ ಮಾಡಿ, ಇಲ್ಲದಿದ್ದರೆ ಹೊಸ ಎಂಟ್ರಿ ನಿಲ್ಲುತ್ತದೆ. ಅದೇ ಹೊತ್ತಿಗೆ ಸ್ಕ್ರಿಪ್ಟ್‌ನಿಂದಲೂ ಮೊತ್ತ ಬರೆಯುವ ಸಾಲು ತೆಗೆಯಿರಿ. ಕಾಲಮ್ ಸೇರಿಸುವಾಗ ಪೋಸ್ಟ್‌ಗ್ರೆಸ್ ಇಡೀ ಟೇಬಲ್ಲನ್ನು ಮತ್ತೆ ಬರೆಯುತ್ತದೆ, ಅಷ್ಟು ಹೊತ್ತು ಟೇಬಲ್‌ಗೆ ಬೀಗ. 200 ಸದಸ್ಯರು, ದಿನಕ್ಕೆ ಎರಡು ಪಾಳಿ ಅಂದರೆ ವರ್ಷಕ್ಕೆ 1,46,000 ಸಾಲು. ಇದು ದೊಡ್ಡದೇನಲ್ಲ. ಆದರೂ ಬೆಳಗಿನ ಹಾಲು ಮುಗಿದು ಸಂಜೆಯದು ಶುರುವಾಗುವ ಮುಂಚೆ, ಮಧ್ಯಾಹ್ನ ಮಾಡಿ. ಬ್ಯಾಕಪ್ ತೆಗೆದೇ ಮಾಡಿ.

ಡಿಬಿ_ಡಿಫಾಲ್ಟ್ ಚಿಕ್ಕ ವಿಷಯ, ಆದರೆ ನಿಮ್ಮ ಸ್ಕ್ರಿಪ್ಟ್ ಆಗಾಗ ನಲ್ ಎರರ್ (ಕಾಲಮ್ ಖಾಲಿ ಬಿಟ್ಟಿದ್ದಕ್ಕೆ ಬರುವುದು) ಕೊಡುತ್ತದೆ ಅಂದಿರಲ್ಲ, ಅದಕ್ಕೆ ಇದೇ ಮದ್ದು. ಮಾಡೆಲ್‌ನಲ್ಲಿ ಬರೆಯುವ ಡಿಫಾಲ್ಟ್ ಪೈಥಾನ್‌ನಲ್ಲಿ ಮಾತ್ರ ಇರುತ್ತದೆ, ಡೇಟಾಬೇಸ್‌ನಲ್ಲಿ ಉಳಿಯುವುದಿಲ್ಲ. ಡಿಬಿ_ಡಿಫಾಲ್ಟ್ ಟೇಬಲ್‌ನಲ್ಲೇ ಕೂರುತ್ತದೆ. ಎಂಟ್ರಿ ಆದ ಸಮಯಕ್ಕೆ ನೌ ಫಂಕ್ಷನ್, ಬಟವಾಡೆ ಆಯಿತೇ ಎಂಬುದಕ್ಕೆ ಫಾಲ್ಸ್ ಕೊಡಿ. ಸ್ಕ್ರಿಪ್ಟ್ ಆ ಕಾಲಮ್ ಬಿಟ್ಟು ಬರೆದರೂ ತುಂಬಿಕೊಳ್ಳುತ್ತದೆ.

ಈಗ ಕಾಂಪೊಸಿಟ್ ಕೀ. ಇದಕ್ಕಾಗಿ ಜನ ಎಷ್ಟು ಕಾದಿದ್ದಾರೆ ಅಂದರೆ, ಜ್ಯಾಂಗೋದ ಟಿಕೆಟ್ 373 ಇದನ್ನು ಕೇಳಿದ್ದು 2005ರಲ್ಲಿ. ಇಪ್ಪತ್ತು ವರ್ಷದ ಮೇಲೆ ಬಂದದ್ದು ನೋಡಿ ನನಗೂ ನಿಜಕ್ಕೂ ಖುಷಿಯಾಯಿತು. ಆದರೆ ಇರುವ ಟೇಬಲ್ಲನ್ನು ಮೈಗ್ರೇಶನ್‌ನಿಂದ ಇದಕ್ಕೆ ಬದಲಿಸಲು 5.2ರಲ್ಲಿ ಆಗುವುದಿಲ್ಲ. ಅಂಥ ಮಾಡೆಲ್ ಕಡೆಗೆ ಬೇರೆ ಟೇಬಲ್‌ನಿಂದ ಫಾರಿನ್‌ಕೀ (ಕೊಂಡಿ) ತೋರಿಸಲು ಆಗುವುದಿಲ್ಲ. ಜ್ಯಾಂಗೋದ ಸಿದ್ಧ ನಿರ್ವಹಣಾ ಪುಟವಾದ ಅಡ್ಮಿನ್‌ನಲ್ಲಿ ರಿಜಿಸ್ಟರ್ ಮಾಡಲೂ ಆಗುವುದಿಲ್ಲ, ನಿಮ್ಮ ಕಾರ್ಯದರ್ಶಿ ಕೆಲಸ ಮಾಡುವುದೇ ಅಡ್ಮಿನ್‌ನಲ್ಲಿ. ಇವೆಲ್ಲಕ್ಕಿಂತ ದೊಡ್ಡ ಕಾರಣ ನಿಮ್ಮ ಡೈರಿಯಲ್ಲೇ ಇದೆ. ಒಬ್ಬರೇ ಸದಸ್ಯರು ಒಂದೇ ಪಾಳಿಯಲ್ಲಿ ಹಸುವಿನ ಹಾಲು ಬೇರೆ, ಎಮ್ಮೆ ಹಾಲು ಬೇರೆ ತಂದರೆ? ನಿಮ್ಮ ಮೂರು ಕಾಲಮ್‌ಗಳ ಕೀ ಅಲ್ಲಿಗೇ ಮುರಿಯಿತು. ಪ್ರೈಮರಿ ಕೀ ಬದಲಿಸುವುದು ಮನೆಯ ಪಾಯ ತೋಡಿದ ಹಾಗೆ.

ಐಡಿ ಹಾಗೇ ಇರಲಿ. ಸದಸ್ಯ, ತಾರೀಕು, ಪಾಳಿ, ಹಾಲಿನ ಬಗೆ ನಾಲ್ಕರ ಮೇಲೆ ಯುನೀಕ್‌ಕನ್‌ಸ್ಟ್ರೇಂಟ್ ಹಾಕಿ. ಮೆಷಿನ್ ಒಂದೇ ಎಂಟ್ರಿ ಎರಡು ಸಲ ಕಳಿಸಿದರೂ ಡಬಲ್ ಆಗುವುದಿಲ್ಲ. ಸ್ಕ್ರಿಪ್ಟನ್ನು ಮುಂದೆ ಜ್ಯಾಂಗೋ ಒಳಗೆ ತಂದರೆ, ಬಲ್ಕ್_ಕ್ರಿಯೇಟ್‌ಗೆ ಅಪ್‌ಡೇಟ್_ಕಾನ್‌ಫ್ಲಿಕ್ಟ್ಸ್ ಕೊಟ್ಟು, ಯುನೀಕ್_ಫೀಲ್ಡ್ಸ್‌ನಲ್ಲಿ ಇದೇ ನಾಲ್ಕು ಕಾಲಮ್, ಅಪ್‌ಡೇಟ್_ಫೀಲ್ಡ್ಸ್‌ನಲ್ಲಿ ತಿದ್ದಬೇಕಾದ ಕಾಲಮ್‌ಗಳನ್ನು ಹೇಳಿದರೆ ಸಾಕು, ಇದ್ದರೆ ತಿದ್ದುತ್ತದೆ, ಇಲ್ಲದಿದ್ದರೆ ಸೇರಿಸುತ್ತದೆ. ಇದು ನಿಮ್ಮ 4.2ರಲ್ಲೇ ಇದೆ.

5.1ರಲ್ಲಿ ಬಂದ ಕನೆಕ್ಷನ್ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಮತ್ತೆ ಮತ್ತೆ ಬಳಸುವುದು) ಸದ್ಯಕ್ಕೆ ಬೇಡ. ಅದು ಪ್ರತಿ ಪ್ರೊಸೆಸ್‌ಗೂ ಬೇರೆ. ಸುಮ್ನೆ ಟ್ರೂ ಕೊಟ್ಟರೆ ಒಂದಕ್ಕೆ 4 ಕನೆಕ್ಷನ್, ನಾಲ್ಕು ವರ್ಕರ್ ಪ್ರೊಸೆಸ್ ಇದ್ದರೆ 16. ಎರಡು ಮೂರು ಜನ ಬಳಸುವ ಆ್ಯಪ್‌ಗೆ ಅದು ಜಾಸ್ತಿಯೇ.

ಅಪ್‌ಗ್ರೇಡ್ ಮಾಡುವ ಮುಂಚೆ ಪೈಥಾನ್ 3.10 ಅಥವಾ ಮೇಲಿನದು, ಪೋಸ್ಟ್‌ಗ್ರೆಸ್ 14 ಅಥವಾ ಮೇಲಿನದು ಇದೆಯೇ ನೋಡಿ. ಮಾಡೆಲ್‌ನಲ್ಲಿ ಇಂಡೆಕ್ಸ್_ಟುಗೆದರ್ ಇದ್ದರೆ ಈಗಲೇ ಇಂಡೆಕ್ಸಸ್‌ಗೆ ಬದಲಿಸಿ, 5.1ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಟೈಮ್‌ಜೋನ್‌ಗೆ ಪೈಟಿಜೆಡ್ ಬಳಸಿದ್ದರೆ ಜೋನ್‌ಇನ್ಫೋಗೆ ಬನ್ನಿ. ಸೆಟ್ಟಿಂಗ್ಸ್‌ನಲ್ಲಿ ಯೂಸ್_ಟಿಜೆಡ್ (ಟೈಮ್‌ಜೋನ್ ಸಮೇತ ಸಮಯ ಇಡಬೇಕೇ ಎಂಬುದು) ಬರೆದೇ ಇಲ್ಲದಿದ್ದರೆ ಹುಷಾರು, 5.0ರಿಂದ ಅದು ತಾನಾಗಿ ಟ್ರೂ ಆಗಿದೆ. ಟೆಸ್ಟ್‌ಗಳನ್ನು ಎಸ್‌ಕ್ಯೂಲೈಟ್‌ನಲ್ಲಿ ಓಡಿಸಬೇಡಿ, ಅಲ್ಲಿ ಡೆಸಿಮಲ್ ಫ್ಲೋಟ್ (ಅಂದಾಜು ಸಂಖ್ಯೆ) ಆಗಿ ಕೂರುತ್ತದೆ, ಮೇಲೆ ಹೇಳಿದ ಪೈಸೆ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ.

ಮೈಗ್ರೇಶನ್ ಫೈಲ್ ತಯಾರಾದ ಮೇಲೆ ಓಡಿಸುವ ಮುಂಚೆ ಎಸ್‌ಕ್ಯೂಎಲ್‌ಮೈಗ್ರೇಟ್ ಕೊಟ್ಟು, ಅದು ತೋರಿಸುವ ಎಸ್‌ಕ್ಯೂಎಲ್ ಇಲ್ಲೇ ಹಾಕಿ ಸರ್. ಸಂಜೆ ನೋಡಿ ಹೇಳುತ್ತೇನೆ.